ಗುಂಡ ಮತ್ತೆ ಗುರುಗುಟ್ಟಿದ ದಿನ

ಅವತ್ತು ನಾನು ನೋಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ಟಕ್ ಎಂದು ಹಲ್ಲಿಗೆ ಹಲ್ಲು ಬಡಿದ ಸದ್ದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮಗನ ಅಳು. ಬಟ್ಟೆ ಮಡಚುತ್ತಿದ್ದವಳು ತಿರುಗಿ ನೋಡಿದರೆ, ಅಂಬೆಗಾಲಿನಲ್ಲಿದ್ದ ಒಂಬತ್ತು ತಿಂಗಳ ಮಗ ಹಿಂದಕ್ಕೆ ಕೂತುಬಿಟ್ಟಿದ್ದ. ನಮ್ಮ ನಾಯಿ ಗುಂಡ ಗೋಡೆಗೆ ಅಂಟಿಕೊಂಡು, ತಲೆ ಆ ಕಡೆ ತಿರುಗಿಸಿ, ತಾನೇ ಪೆಟ್ಟು ತಿಂದವನ ಹಾಗೆ ನಡುಗುತ್ತಿದ್ದ. ಮಗನ ಎಡಗೆನ್ನೆಯ ಮೇಲೆ, ಕಣ್ಣಿಗಿಂತ ಎರಡು ಬೆರಳು ಕೆಳಗೆ, ಒಂದು ಕೆಂಪು ಗೆರೆ. ರಕ್ತ ಬಂದಿರಲಿಲ್ಲ, ಚರ್ಮ ತರಚಿತ್ತು ಅಷ್ಟೆ.

"ಒಂದು ಸಲವೂ ಗುರ್ ಅನ್ನಲಿಲ್ಲ. ಏಕಾಏಕಿ ಬಾಯಿ ಹಾಕಿದ" ಎಂದು ಆ ಸಂಜೆ ಕೇಳಿದವರಿಗೆಲ್ಲ ಹೇಳಿದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯಾಕೆ ಅನ್ನಲಿಲ್ಲ ಎನ್ನುವುದು ತಿಳಿಯಲು ಮಾತ್ರ ಇನ್ನೂ ಒಂದು ವಾರ ಹಿಡಿಯಿತು.

ಮೊದಲು ಮಾಡಿದ್ದು ತೊಳೆಯುವ ಕೆಲಸ. ಸೋಪು ಹಚ್ಚಿ, ನಲ್ಲಿಯ ಹರಿಯುವ ನೀರಿನ ಕೆಳಗೆ 15 ನಿಮಿಷ. ಓದುವಾಗ 15 ನಿಮಿಷ ಏನೂ ಅಲ್ಲ. ಕಿರುಚುತ್ತಾ ಬಿಲ್ಲಿನಂತೆ ಬಾಗುವ ಕೂಸನ್ನು ಸಿಂಕಿನ ಮೇಲೆ ಹಿಡಿದುಕೊಂಡು, ಕಣ್ಣಿಗೆ ಸೋಪು ಹೋಗದ ಹಾಗೆ ಕೆನ್ನೆ ತೊಳೆಯುತ್ತಾ ಗಡಿಯಾರ ನೋಡಿದರೆ ನಾಲ್ಕೇ ನಿಮಿಷ ಆಗಿರುತ್ತದೆ. ನಮ್ಮವರು ಮಗುವನ್ನು ಹಿಡಿದರು, ನಾನು ತೊಳೆದೆ, ಆರು ವರ್ಷದ ಮಗಳು ಬಾಗಿಲಲ್ಲಿ ನಿಂತು ನಿಮಿಷ ಎಣಿಸಿದಳು.

ಡಾಕ್ಟರ ಮುಂದೆ ಕೂತಾಗ "ನಮ್ಮ ನಾಯಿಗೆ ರೇಬೀಸ್ ಲಸಿಕೆ ಪ್ರತಿ ವರ್ಷ ಹಾಕಿಸ್ತೀವಿ" ಎಂದು ಎರಡು ಸಲ ಹೇಳಿದೆ. ಅವರು ಎರಡು ಸಲವೂ "ಒಳ್ಳೇದಮ್ಮಾ" ಎಂದು ತಮ್ಮ ಪಾಡಿಗೆ ಬರೆಯುತ್ತಲೇ ಇದ್ದರು. ರಕ್ತ ಬರದ ತರಚು ಗಾಯಕ್ಕೂ ಲಸಿಕೆ ಶುರು ಮಾಡುವುದೇ ಕ್ರಮವಂತೆ. ವೈರಸ್ಸು ನರದ ದಾರಿ ಹಿಡಿದು ಮಿದುಳಿಗೆ ಹೋಗುವಂಥದ್ದು, ಕೆನ್ನೆಯಿಂದ ಮಿದುಳಿಗೆ ದೂರವೇನೂ ಇಲ್ಲ, ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಔಷಧಿಯೂ ಕೆಲಸಕ್ಕೆ ಬರುವುದಿಲ್ಲ ಎಂದರು. ಕೂಸುಗಳಿಗೆ ಸೂಜಿ ತೊಡೆಗೆ ಚುಚ್ಚುತ್ತಾರೆ. ಚಿಕ್ಕವನು ಎಂದು ಪ್ರಮಾಣ ಕಡಿಮೆ ಮಾಡುವುದಿಲ್ಲ, ದೊಡ್ಡವರಿಗೆಷ್ಟೋ ಅಷ್ಟೇ. ಇವತ್ತು, 3ನೇ ದಿನ, 7ನೇ ದಿನ ಎಂದು ಬರೆದುಕೊಟ್ಟು, "ನಾಯಿಯನ್ನ 10 ದಿನ ಕಣ್ಣಳತೆಯಲ್ಲೇ ಇಟ್ಕೊಳ್ಳಿ. ಆರೋಗ್ಯವಾಗಿದ್ರೆ ಮುಂದಿನದು ನೋಡೋಣ" ಎಂದರು. 1885ರಲ್ಲಿ ಲೂಯಿ ಪಾಶ್ಚರ್ ಈ ಲಸಿಕೆಯನ್ನು ಮೊದಲು ಕೊಟ್ಟದ್ದು ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಆ ಹುಡುಗನ ಜೊತೆ ಒಬ್ಬ ಅಮ್ಮನೂ ಕೂತಿದ್ದಿರಬೇಕು ಅನ್ನುವುದು ಹೊಳೆದದ್ದು ಅವತ್ತೇ.

ಆ 10 ದಿನ ಮನೆ ಮನೆಯಂತಿರಲಿಲ್ಲ. ಗುಂಡ ಒಳಗಿನ ಕೋಣೆಯಲ್ಲಿ, ನಾವು ಹೊರಗೆ. ಅತ್ತೆ ಫೋನಿನಲ್ಲಿ "ಬೊಗಳೋ ನಾಯಿ ಕಚ್ಚಲ್ಲ ಅಂತಾರೆ. ಇವನು ಬೊಗಳೋದನ್ನೂ ಬಿಟ್ಟಿದ್ದ ನೋಡು. ಯಾರಿಗಾದ್ರೂ ಕೊಟ್ಬಿಡ್ರೋ" ಎಂದರು. ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ರಾತ್ರಿ ಮಗನ ಕೆನ್ನೆ ನೋಡುತ್ತಾ ನಾನೂ ಅದನ್ನೇ ಯೋಚಿಸುತ್ತಿದ್ದೆ. ಎಂಟು ವರ್ಷ ಸಾಕಿದ ನಾಯಿ ಎನ್ನುವುದು ಒಂದು ಕಡೆ, ಎರಡು ಬೆರಳು ಮೇಲೆ ಬಿದ್ದಿದ್ದರೆ ಕಣ್ಣು ಎನ್ನುವುದು ಇನ್ನೊಂದು ಕಡೆ. ಬೆಳಗಾದರೆ ಒಳಗಿನಿಂದ ಬಾಗಿಲು ಕೆರೆಯುವ ಸದ್ದು. ಮಗಳು ಬಾಗಿಲಿನ ಈ ಕಡೆ ನೆಲಕ್ಕೆ ಕಿವಿಯಿಟ್ಟು ಮಲಗಿ ಅವನ ಜೊತೆ ಮಾತಾಡುತ್ತಿದ್ದಳು.

ಏನೇ ತೀರ್ಮಾನ ಮಾಡುವುದಿದ್ದರೂ ಮೊದಲು ಪಶುವೈದ್ಯರಿಗೆ ತೋರಿಸೋಣ ಎಂದವರು ನಮ್ಮವರು. ನಾವು ಯಾವಾಗಲೂ ಲಸಿಕೆಗೆ ಹೋಗುವವರ ಹತ್ತಿರವಲ್ಲ, ನಾಯಿಗಳ ನಡವಳಿಕೆಯ ವಿಷಯ ತಿಳಿದ ಇನ್ನೊಬ್ಬರ ಹತ್ತಿರ. ಆ ಮಹಾತಾಯಿ ಗುಂಡನನ್ನು ಮೇಜಿನ ಮೇಲೆ ಎತ್ತಲೇ ಇಲ್ಲ. ತಾವೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವನು ಮೂಸಿ ಮೂಸಿ ಹತ್ತಿರ ಬರುವವರೆಗೂ ನಮ್ಮನ್ನು ಪ್ರಶ್ನೆ ಕೇಳಿದರು. ಮಗು ಎಲ್ಲಿತ್ತು, ನಾಯಿ ಕೂತಿತ್ತೋ ಮಲಗಿತ್ತೋ, ಹಿಂದೆ ಎಷ್ಟು ಜಾಗ ಇತ್ತು. ಆಮೇಲೆ ಕೇಳಿದರು:

"ಇದಕ್ಕೆ ಮುಂಚೆ ಯಾವತ್ತಾದ್ರೂ ಮಗುವನ್ನ ನೋಡಿ ಗುರುಗುಟ್ಟಿದ್ದನಾ?"

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು.

ಗುರುಗುಟ್ಟಿದ್ದ. ಮಗ ತೆವಳಲು ಶುರು ಮಾಡಿದ ಹೊಸತರಲ್ಲಿ, ಎರಡು ತಿಂಗಳ ಹಿಂದೆ, ಒಂದೇ ವಾರದಲ್ಲಿ ನಾಲ್ಕು ಸಲ. ನಮಗೆ ಕೈಕಾಲೇ ಆಡಲಿಲ್ಲ. ಯಾರೋ ಹೇಳಿದರೆಂದು ಒಬ್ಬ ತರಬೇತುದಾರನನ್ನು ಕರೆಸಿದೆವು. ಆತ ಬಂದು ಹತ್ತು ನಿಮಿಷ ನೋಡಿ, "ಇವನು ತಾನೇ ಈ ಮನೆ ಯಜಮಾನ ಅಂದ್ಕೊಂಡಿದಾನೆ ಸರ್. ಗುರ್ ಅಂದ ತಕ್ಷಣ ಅದುಮಬೇಕು" ಎಂದು ಹೇಳಿ, ಗುಂಡನನ್ನು ಪಕ್ಕೆ ನೆಲಕ್ಕೆ ತಾಗುವಂತೆ ಕೆಡವಿ ಕುತ್ತಿಗೆ ಒತ್ತಿ ಹಿಡಿದು ತೋರಿಸಿದ. ನಮ್ಮವರು ಹಾಗೆ ಕೆಡವಿದ್ದು ಒಂದೇ ಸಲ. ಮಿಕ್ಕಂತೆ ಗದರುವುದು, ಸುತ್ತಿದ ಪೇಪರಿನಿಂದ ನೆಲಕ್ಕೆ ಫಟ್ ಎಂದು ಬಾರಿಸುವುದು. ಎರಡು ವಾರಕ್ಕೆ ಗುರುಗುಟ್ಟುವುದು ನಿಂತೇಹೋಯಿತು. "ನಾಯಿ ಸರಿಹೋಯ್ತು" ಎಂದು ಅತ್ತೆಗೆ ಫೋನು ಮಾಡಿ ಹೇಳಿದವಳು ನಾನೇ.

"ಸರಿ ಹೋಗಿಲ್ಲಮ್ಮ, ಬಾಯಿ ಮುಚ್ಚಿಸಿದೀರಿ" ಎಂದರು ಡಾಕ್ಟರು. ದನಿ ಏರಿಸಲಿಲ್ಲ. "ಲಾರಿದು ಹಾರ್ನ್ ಕಿತ್ತು ಹಾಕಿದ್ರೆ ಲಾರಿ ನಿಂತ್ಬಿಡುತ್ತಾ? ಬರೋದು ಬಂದೇ ಬರುತ್ತೆ. ನಿಮಗೆ ಕೇಳಿಸಲ್ಲ ಅಷ್ಟೆ."

ಆ ಯಜಮಾನಿಕೆಯ ಕಥೆ ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿ ಓದಿದೆ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ, ಆವರಣದೊಳಗೆ ಕೂಡಿಹಾಕಿದ್ದ ತೋಳಗಳು ತಮ್ಮತಮ್ಮಲ್ಲಿ ಕಿತ್ತಾಡುವುದನ್ನು ನೋಡಿ ಬರೆದದ್ದು ಅದರ ಮೂಲ. ಆ ವಿಚಾರವನ್ನು ಒಂದು ಕಾಲದಲ್ಲಿ ತಾನೂ ಹರಡಿದ್ದ ಡೇವಿಡ್ ಮೆಕ್ ಎಂಬ ತೋಳತಜ್ಞರು, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ, ಕಾಡಿನ ತೋಳದ ಹಿಂಡೆಂದರೆ ಸಾಮಾನ್ಯವಾಗಿ ಅಪ್ಪ ಅಮ್ಮ ಮಕ್ಕಳು ಇರುವ ಒಂದು ಕುಟುಂಬ ಎಂದು ಬರೆದರು. ಅದೂ ತೋಳದ ಮಾತು. ನಮ್ಮ ಗುಂಡ, ಗುಡುಗು ಬಂದರೆ ನನ್ನ ಸೀರೆ ನೆರಿಗೆಯೊಳಗೆ ತಲೆ ತೂರಿಸುವವನು, ಯಾವ ಮನೆಯ ಯಜಮಾನಿಕೆ ಕೇಳಿಯಾನು?

ಡಾಕ್ಟರು ಅವನನ್ನು ನಡೆಸಿ ನೋಡಿದರು, ಮಲಗಿಸಿ ಎಬ್ಬಿಸಿ ನೋಡಿದರು. ಆಮೇಲೆ ಅಂಗೈಯನ್ನು ಬೆನ್ನ ಮೇಲಿಂದ ನಿಧಾನವಾಗಿ ಜಾರಿಸುತ್ತಾ ಹಿಂಗಾಲು ಸೊಂಟಕ್ಕೆ ಸೇರುವ ಜಾಗಕ್ಕೆ ಬಂದು ಒಂಚೂರು ಒತ್ತಿದರು. ಗುಂಡ ಕುಂಯ್ ಎನ್ನಲಿಲ್ಲ. ತಲೆಯನ್ನು ಆ ಕಡೆ ತಿರುಗಿಸಿದ. ನಾಲಗೆ ಹೊರಗೆ ಬಂದು ಮೂಗನ್ನು ಸವರಿ ಒಳಗೆ ಹೋಯಿತು. ಮತ್ತೊಮ್ಮೆ ಸವರಿತು. "ನೋಡಿದ್ರಾ? ನೋವಾಯ್ತು ಅಂತ ಹೇಳ್ದ" ಎಂದರು. ನಾನು ಅದೇ ನಾಲಗೆ ಸವರುವುದನ್ನು ಮನೆಯಲ್ಲಿ ನೂರು ಸಲ ನೋಡಿದ್ದೆ. ಹಸಿವು ಅಂದುಕೊಂಡಿದ್ದೆ.

ಎಕ್ಸ್-ರೇಯಲ್ಲಿ ಎರಡೂ ಸೊಂಟದ ಕೀಲು ಸವೆದಿರುವುದು ಕಂಡಿತು. ಮನುಷ್ಯರ ಮಂಡಿ ಸವೆದ ಹಾಗೆಯೇ. ಮೆಟ್ಟಿಲು ಹತ್ತದೆ ಕೆಳಗೇ ನಿಲ್ಲುವುದು, ಎದ್ದ ಮೇಲೆ ನಾಲ್ಕು ಹೆಜ್ಜೆ ಸೆಟೆದುಕೊಂಡು ನಡೆಯುವುದು, ಎಲ್ಲವನ್ನೂ ನಾವು ಸೋಮಾರಿತನದ ಲೆಕ್ಕಕ್ಕೆ ಬರೆದಿದ್ದೆವು. ಈಗ ಒಂದೊಂದೇ ಜೋಡಣೆಯಾಯಿತು. ಮಗಳು ಕೂಸಾಗಿದ್ದಾಗ ಇವನಿಗೆ ಎರಡೋ ಮೂರೋ ವರ್ಷ. ಬೇಡವೆನಿಸಿದರೆ ಚಂಗನೆ ಎದ್ದು ಆಚೆ ಹೋಗುತ್ತಿದ್ದ. ಈಗ ಮಗ ತೆವಳಿ ಬರುವಷ್ಟರಲ್ಲಿ ಅವನಿಗೆ ಏಳಲು ಆಗುತ್ತಿರಲಿಲ್ಲ. ಕಾಲು ಕೈಕೊಟ್ಟ ಮೇಲೆ ಉಳಿದಿದ್ದದ್ದು ಗಂಟಲು. ನಾವು ಅದನ್ನೂ ಕಿತ್ತುಕೊಂಡಿದ್ದೆವು. ಆ ದಿನ ಮಗ ಅವನ ಸೊಂಟವನ್ನೇ ಊರಿ ಎದ್ದು ನಿಲ್ಲಲು ನೋಡಿರಬೇಕು.

ನೋವಿಗೆ ಮಾತ್ರೆ ಬರೆದುಕೊಟ್ಟರು, ತೂಕ ಇಳಿಸಲು ಹೇಳಿದರು. ಒಂದು ಎಚ್ಚರಿಕೆಯನ್ನು ಚೀಟಿಯ ಮೇಲೆ ಅಡಿಗೆರೆ ಹಾಕಿ ಕೊಟ್ಟರು: ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆ, ಅಂದರೆ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಇಂಥವನ್ನು ನಾವೇ ಕೊಡಬಾರದು, ನಾಯಿಗೆ ಅವು ವಿಷವಾಗಬಹುದು.

"ಮನೇಲಿ ಇಟ್ಕೋಬಹುದಾ?" ಎಂದು ನಮ್ಮವರು ನೇರವಾಗಿಯೇ ಕೇಳಿದರು.

"ಮತ್ತೆ ಹಿಂಗಾಗಲ್ಲ ಅಂತ ಯಾರೂ ಗ್ಯಾರಂಟಿ ಕೊಡಲ್ಲ, ನಾನೂ ಕೊಡಲ್ಲ. ಹಲ್ಲು ಊರದೆ ಬಿಟ್ಟಿದಾನೆ, ಅದು ಅವನ ಕಡೆಗೊಂದು ಅಂಕ. ನೋವು ಕಡಿಮೆಯಾಗಿ, ಮಗು ಅವನ ಹತ್ತಿರ ಹೋಗದಂಗೆ ನೀವು ಮಾಡಕ್ಕಾದ್ರೆ ಇಟ್ಕೊಳ್ಳಿ. ಆಗಲ್ಲ ಅನ್ಸಿದ್ರೆ ಒಳ್ಳೆ ಮನೆ ನೋಡಿ. ಅದೂ ತಪ್ಪಲ್ಲ."

ಇಟ್ಟುಕೊಂಡೆವು. ಹತ್ತನೇ ದಿನಕ್ಕೆ ಗುಂಡ ಆರೋಗ್ಯವಾಗಿಯೇ ಇದ್ದ, ಮಗನ ಸೂಜಿಯ ಕಥೆಯೂ ಮುಗಿಯಿತು. ನಿಜವಾದ ಕೆಲಸ ಅಲ್ಲಿಂದ ಶುರುವಾಯಿತು.

ಆ ರಾತ್ರಿ ಕೂತು ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಒಂದು ಫೋಟೋ ನಮ್ಮ ನಡುಮನೆಯ ಗೋಡೆಯ ಮೇಲೇ ಇತ್ತು, ಬಂದವರೆಲ್ಲ "ಎಷ್ಟು ಮುದ್ದಾಗಿದೆ" ಎನ್ನುತ್ತಿದ್ದದ್ದು. ಒಂದೂವರೆ ವರ್ಷದ ಮಗಳು ಗುಂಡನ ಕುತ್ತಿಗೆಗೆ ಎರಡೂ ಕೈ ಹಾಕಿ ತಬ್ಬಿಕೊಂಡಿದ್ದಾಳೆ. ಅವಳ ಮುಖ ಬಿಟ್ಟು ಮೊದಲ ಸಲ ಅವನ ಮುಖ ನೋಡಿದೆ. ಕಿವಿ ಹಿಂದಕ್ಕೆ ಅಂಟಿವೆ. ಬಾಯಿ ಬಿಗಿಯಾಗಿ ಮುಚ್ಚಿದೆ. ತಲೆ ಅವಳಿಂದ ಆಚೆಗೆ, ಕಣ್ಣು ಮಾತ್ರ ಅವಳ ಕಡೆಗೆ ವಾಲಿ, ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತಿದೆ. ತುರಿದ್ ರೂಗಾಸ್ ಎಂಬ ನಾರ್ವೆಯ ತರಬೇತುದಾರ್ತಿ ಹೆಸರುವಾಸಿಯಾದದ್ದೇ ನಾಯಿಗಳ ಇಂಥ ಸಣ್ಣಸಣ್ಣ ಸನ್ನೆಗಳನ್ನು ಗುರುತಿಸಿ ಹೇಳಿದ್ದರಿಂದ: ನಿದ್ದೆ ಬಾರದಿದ್ದರೂ ಆಕಳಿಸುವುದು, ಮೂಗು ನೆಕ್ಕುವುದು, ಮುಖ ತಿರುಗಿಸುವುದು, ಸುಮ್ಮಸುಮ್ಮನೆ ನೆಲ ಮೂಸುವುದು. ಇವಕ್ಕೆ ಯಾರೂ ಕಿವಿಗೊಡದಿದ್ದರೆ ಮೈ ಸೆಟೆಯುತ್ತದೆ. ಅದಕ್ಕೂ ಕೊಡದಿದ್ದರೆ ಗುರ್. ಬಾಲ ಅಲ್ಲಾಡಿಸಿದರೆ ಖುಷಿ ಎಂದು ತಿಳಿದಿದ್ದೆವಲ್ಲ, ಅದೂ ಅರ್ಧ ಸತ್ಯವೇ. ಬಾಲ ನೆಟ್ಟಗೆ ಸೆಟೆದು ಸಣ್ಣಗೆ ಅದುರುತ್ತಿದ್ದರೆ ಅದು ಉದ್ವೇಗ. ಇಡೀ ಮೈ ತೂಗಾಡಿದರೆ ಖುಷಿ.

ಗೋಡೆಯ ಆ ಫೋಟೋ ತೆಗೆದು ಒಳಗಿಟ್ಟೆ. ನಮ್ಮವರು ಯಾಕೆಂದು ಕೇಳಲಿಲ್ಲ.

ಮನೆಯನ್ನು ಎರಡು ಪಾಲು ಮಾಡಿದೆವು. ನಡುಮನೆ ಮತ್ತು ಪಕ್ಕದ ಕೋಣೆಯ ಮಧ್ಯೆ ಸರಳಿನ ಬೇಬಿ ಗೇಟು. ಗೇಟಿನಾಚೆ ಗುಂಡನ ಹಾಸಿಗೆ, ನೀರು, ಜಾರದ ಹಾಗೆ ನೆಲಕ್ಕೆಲ್ಲ ರಬ್ಬರ್ ಚಾಪೆ. ಆ ಚಾಪೆ ಹಾಸಿದ ದಿನವೇ ಅವನು ಎದ್ದು ನಿಲ್ಲುವ ರೀತಿ ಬದಲಾದದ್ದು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಇಷ್ಟು ದಿನ ನುಣ್ಣನೆಯ ನೆಲದ ಮೇಲೆ ಹಿಂಗಾಲು ಜಾರುತ್ತಾ ಏಳುತ್ತಿದ್ದ ಪಾಪ. ಗುಂಡ ಹಾಸಿಗೆಯ ಮೇಲಿದ್ದರೆ ಯಾರೂ, ನಮ್ಮವರೂ ಸೇರಿ, ಮುಟ್ಟಬಾರದು. ಬೇಕಿದ್ದರೆ ಕರೆಯಬಹುದು. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಮಗಳಿಗೆ ಮೂರು ಎಣಿಸುವ ಆಟ ಕಲಿಸಿದೆವು. ಅವನ ಎದೆ ಅಥವಾ ಭುಜದ ಹತ್ತಿರ ಮೂರು ಎಣಿಸುವವರೆಗೆ ಸವರುವುದು, ಕೈ ತೆಗೆಯುವುದು, ಕಾಯುವುದು. ಅವನೇ ಒರಗಿಕೊಂಡು ಬಂದರೆ ಇನ್ನೊಂದು ಮೂರು. ಸುಮ್ಮನೆ ನಿಂತರೆ ಅಥವಾ ಆಚೆ ನೋಡಿದರೆ "ಸರಿ ಗುಂಡ" ಎಂದು ಎದ್ದುಬರುವುದು. ಅವಳು ಒಂದು ನೋಟುಬುಕ್ಕು ಮಾಡಿಕೊಂಡು ಅವನ ಆಕಳಿಕೆಗಳನ್ನು ಗೆರೆ ಎಳೆದು ಲೆಕ್ಕ ಇಟ್ಟಳು. ಮೊದಲ ವಾರದ ಪುಟ ಬಾಚಣಿಗೆಯ ಹಾಗೆ ಗೆರೆಮಯ. ಹೆಚ್ಚಿನವು ಅವಳ ಅಜ್ಜಿ ಬಂದು ಹೋದ ದಿನದವು. ಅದನ್ನು ಅತ್ತೆಗೆ ತೋರಿಸಲಿಲ್ಲ.

ದೊಡ್ಡ ಕೆಲಸವೆಂದರೆ ಮಗ ಕಣ್ಣಿಗೆ ಬಿದ್ದಾಗ ಗುಂಡನ ಎದೆಬಡಿತ ಏರದ ಹಾಗೆ ಮಾಡುವುದು. ದಿನಕ್ಕೆ ಎರಡು ಸಲ, ಐದೈದು ನಿಮಿಷ. ನಾನು ಮಗನನ್ನು ಎತ್ತಿಕೊಂಡು ನಡುಮನೆಯ ಆ ತುದಿಯಲ್ಲಿ ಕಾಣಿಸಿಕೊಳ್ಳುವುದು. ಗೇಟಿನಾಚೆ ನಮ್ಮವರು ಗುಂಡನ ಪಕ್ಕದಲ್ಲಿ ಕೂತು, ಮಗು ಕಾಣುತ್ತಿದ್ದಷ್ಟು ಹೊತ್ತೂ ಒಂದೊಂದೇ ತಿನಿಸಿನ ಚೂರು ಕೊಡುವುದು. ನಾವು ಮರೆಯಾದರೆ ತಿನಿಸೂ ಬಂದ್. ಕ್ರಮ ತಪ್ಪಬಾರದು, ಮೊದಲು ಮಗು ಕಾಣಬೇಕು, ಆಮೇಲೆ ತಿನಿಸು. ಅವನು ಚೂರನ್ನು ಮೆತ್ತಗೆ ತೆಗೆದುಕೊಂಡರೆ ದೂರ ಸರಿಯಿದೆ ಎಂದರ್ಥ, ಕೈಯಿಂದ ಕಸಿದುಕೊಂಡರೆ ಹತ್ತಿರ ಹೆಚ್ಚಾಯಿತು ಎಂದು. ಮೂರು ವಾರಕ್ಕೆ ನಾನು ಅರ್ಧ ಕೋಣೆ ದಾಟಿ ಬಂದೆ. ನಾಲ್ಕನೇ ವಾರ ಮಗ ತಾಟು ಬೀಳಿಸಿ ಢಣ್ ಎಂದಿತು. ಮತ್ತೆ ಆ ತುದಿಯಿಂದ ಶುರು.

ಜೊತೆಗೆ ಬಾಯಿಕುಕ್ಕೆ. ಬಾಯಿಯನ್ನು ಬಿಗಿಯುವ ಪಟ್ಟಿಯಲ್ಲ, ಬುಟ್ಟಿಯ ಹಾಗಿರುವುದು, ಹಾಕಿಕೊಂಡೇ ನಾಲಗೆ ಚಾಚಿ ತೇಕಬಹುದು, ನೀರು ಕುಡಿಯಬಹುದು. ಸೀದಾ ಹಾಕಿದರೆ ಯಾರು ತಾನೇ ಹಾಕಿಸಿಕೊಳ್ಳುತ್ತಾರೆ? ಅದರೊಳಗೆ ತಿನಿಸಿಟ್ಟು ಅವನೇ ಮೂತಿ ತೂರಿಸುವ ಹಾಗೆ ಮಾಡಿ, ಪಟ್ಟಿ ಕಟ್ಟದೆ ಒಂದು ವಾರ, ಕಟ್ಟಿ ಕ್ಷಣ ಬಿಟ್ಟು ಬಿಚ್ಚಿ ಒಂದು ವಾರ. ಈಗ ಕುಕ್ಕೆ ತೆಗೆದರೆ ಸಾಕು, ಅವನೇ ಓಡಿಬರುತ್ತಾನೆ. ನೆಂಟರು ನೋಡಿ "ಅಯ್ಯೋ ಪಾಪ" ಎನ್ನುತ್ತಾರೆ. ಅನ್ನಲಿ ಬಿಡಿ.

ಎಡವಟ್ಟುಗಳಿಗೇನೂ ಬರವಿರಲಿಲ್ಲ. ತೂಕ ಇಳಿಸಬೇಕಿದ್ದ ನಾಯಿ ಎರಡನೇ ತಿಂಗಳಲ್ಲಿ ತೂಕ ಏರಿಸಿಕೊಂಡಿತು. ನೋಡಿದರೆ ನಮ್ಮ ಮಗರಾಯ ತನ್ನ ಊಟದಲ್ಲಿ ಬೇಡದ್ದನ್ನೆಲ್ಲ ಗೇಟಿನ ಸರಳಿನ ಸಂದಿಯಿಂದ ದಾಟಿಸುತ್ತಿದ್ದ. ಒಂದು ದಿನ ಅದರಲ್ಲಿ ಒಣದ್ರಾಕ್ಷಿಯೂ ಇತ್ತು. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು, ಎಷ್ಟು ತಿಂದರೆ ಅಪಾಯ ಎಂದು ಹೇಳುವ ಹಾಗೂ ಇಲ್ಲ. ಓಡಿದೆವು, ವಾಂತಿ ಮಾಡಿಸಿದರು, ಬಚಾವಾದ. ಇನ್ನೊಂದು ದಿನ ನಾನೇ ಗೇಟಿನ ಚಿಲಕ ಹಾಕಲು ಮರೆತೆ. ಮಗ ಗೇಟು ತಳ್ಳಿ ಒಳಗೆ ಕಾಲಿಟ್ಟಿದ್ದ. ಗುಂಡ ಎದ್ದು, ನಿಧಾನಕ್ಕೆ, ಕೋಣೆಯ ಇನ್ನೊಂದು ಮೂಲೆಗೆ ನಡೆದು ಹೋದ. ನನ್ನ ಜೀವ ಬಾಯಿಗೆ ಬಂದಿತ್ತು. ಆದರೆ ಮಗನನ್ನು ಎತ್ತಿಕೊಂಡು ಆಚೆ ಬಂದಮೇಲೆ ಹೊಳೆಯಿತು: ಅವನು ಎದ್ದು ಹೋದ. ಎದ್ದು ಹೋಗುವುದು ಅವನಿಗೆ ಮತ್ತೆ ಸಾಧ್ಯವಾಗಿತ್ತು.

ಐದನೇ ತಿಂಗಳು. ಮಗ ಅಷ್ಟರಲ್ಲಿ ಓಲಾಡುತ್ತಾ ನಡೆಯುತ್ತಿದ್ದ. ಒಂದು ಸಂಜೆ ಗುಂಡ ಗೇಟಿನಾಚೆ ತನ್ನ ಹಾಸಿಗೆಯ ಮೇಲೆ ಮಲಗಿದ್ದ. ನಮ್ಮವರು ಈಚೆ ನೆಲದ ಮೇಲೆ ಕೂತು ಮಗಳ ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದರು. ಮಗ ತನ್ನ ಮರದ ಗಾಡಿ ಎಳೆದುಕೊಂಡು ಬಂದು ಗೇಟಿಗೆ ಡಬ್ ಎಂದು ಗುದ್ದಿದ. ಇನ್ನೊಮ್ಮೆ ಗುದ್ದಿದ. ಗುಂಡ ಮೂಗು ನೆಕ್ಕಿಕೊಂಡ. ಮಗಳು ಪುಸ್ತಕದಿಂದ ತಲೆ ಎತ್ತಿದಳು. ಮಗ ಮೂರನೇ ಸಲ ಗುದ್ದಿದ.

ಗುರ್ರ್.

ಸಣ್ಣದು. ಗಂಟಲಿನ ತಳದಿಂದ, ದೂರದಲ್ಲೆಲ್ಲೋ ಯಾರೋ ಮೇಜು ಎಳೆದ ಹಾಗೆ. ಐದು ತಿಂಗಳಿನಿಂದ, ಅಲ್ಲ, ಅದಕ್ಕೂ ಹಿಂದಿನ ಒಂದೂವರೆ ತಿಂಗಳು ಸೇರಿಸಿದರೆ ಆರೂವರೆ ತಿಂಗಳಿನಿಂದ ಆ ಮನೆಯಲ್ಲಿ ಆ ಸದ್ದು ಕೇಳಿರಲಿಲ್ಲ. ಯಾರೂ ಅಲ್ಲಾಡಲಿಲ್ಲ. ನಾನು ನಮ್ಮವರ ಕಡೆ ನೋಡಿದೆ. ಅವರ ಕೈ ಸೂಜಿ ಸಮೇತ ಗಾಳಿಯಲ್ಲೇ ನಿಂತಿತ್ತು. ಗುಂಡನೂ ಅವರನ್ನೇ ನೋಡುತ್ತಿದ್ದ, ಕಿವಿ ಹಿಂದಕ್ಕೆ ಮಾಡಿ, ಈಗ ಬೀಳುತ್ತದೆ ಎಂದು ಕಾಯುವವನ ಹಾಗೆ.

ನಮ್ಮವರು ಸೂಜಿಯನ್ನು ಚಪ್ಪಲಿಗೆ ಚುಚ್ಚಿಟ್ಟು ಎದ್ದರು. ಮಗನನ್ನೂ ಗಾಡಿಯನ್ನೂ ಒಟ್ಟಿಗೆ ಎತ್ತಿಕೊಂಡು ಕೋಣೆಯ ಆ ತುದಿಗೆ ಹೋಗಿ ಇಳಿಸಿದರು. ಅಲ್ಲಿಂದಲೇ ತಿರುಗಿ, "ಆಯ್ತು ಕಣೋ, ಕೇಳಿಸ್ತು" ಎಂದರು. ದನಿ ಸ್ವಲ್ಪ ಒಡೆದಿತ್ತು.

ಗುಂಡ ಇನ್ನೂ ಅಷ್ಟು ಹೊತ್ತು ನೋಡುತ್ತಲೇ ಇದ್ದ. ಆಮೇಲೆ ಉಸಿರು ಬಿಟ್ಟು ತಲೆಯನ್ನು ಮುಂಗಾಲಿನ ಮೇಲೆ ಇಟ್ಟ. ಮಗಳು ನೋಟುಬುಕ್ಕು ತಂದು, ಆಕಳಿಕೆಯ ಪುಟ ಬಿಟ್ಟು ಹೊಸ ಪುಟ ತೆಗೆದು, ಇದಕ್ಕೆ ಯಾವ ಗುರುತು ಹಾಕಲಿ ಎಂದು ನನ್ನನ್ನು ಕೇಳಿದಳು. ನನಗೆ ಗೊತ್ತಾಗಲಿಲ್ಲ. ಅವಳೇ ಯೋಚಿಸಿ ಒಂದು ನಕ್ಷತ್ರ ಬರೆದಳು.

ಗೇಟು ಈಗಲೂ ಇದೆ. ರಾತ್ರಿ ನೀರಿಗೆ ಎದ್ದರೆ ದಿನಾ ಅದಕ್ಕೆ ಮೊಣಕಾಲು ತಾಗಿಸಿಕೊಳ್ಳುತ್ತೇನೆ, ಆಚೆಯಿಂದ ಬಾಲ ಎರಡು ಸಲ ಚಾಪೆಗೆ ಬಡಿಯುತ್ತದೆ.